ತೆನೆ ಹಬ್ಬ: ಹೊಸ ಅಕ್ಕಿ ಬಾಯಿಗಿಡುವ ಮುನ್ನ

ಸೆಪ್ಟೆಂಬರ್ 8. ನಮ್ಮ ದೈವಾರಾಧನಾ ಪಂಚಾಂಗದಲ್ಲಿ ಇದು ಮಾತೆ ಮರಿಯಮ್ಮನವರ ಜನನೋತ್ಸವ. ರಾಜ್ಯ ಸರ್ಕಾರದ ಪರಿಮಿತ ರಜೆಗಳ ಪಟ್ಟಿಯಲ್ಲಿ 'ಕನ್ಯಾ ಮರಿಯಮ್ಮ ಜಯಂತಿ'. ಬೆಂಗಳೂರಿನ ಶಿವಾಜಿನಗರದಲ್ಲಿ ಅದು ತೇರಿನ ಹಬ್ಬ. ಕಾವಿ ಬಣ್ಣದ ಬಟ್ಟೆ ತೊಟ್ಟ ಹರಕೆಯ ಜನ, ಎಲ್ಲ ಧರ್ಮದವರೂ, ಬೀದಿ ತುಂಬ ನಿಂತಿರುತ್ತಾರೆ. ಘಟ್ಟದ ಕೆಳಗೆ ಇದೇ ದಿನಕ್ಕೆ ಬೇರೆ ಹೆಸರುಗಳು. ಕೊಂಕಣಿಯಲ್ಲಿ ಮೊಂತಿ ಫೆಸ್ತ್, ತುಳುವಿನಲ್ಲಿ ಕುರಲ್ ಪರ್ಬ, ಕನ್ನಡದಲ್ಲಿ ತೆನೆ ಹಬ್ಬ. ಕ್ರಿಸ್ಮಸ್ಸಿಗೆ ಬಾರದ ಮಗ ಈ ಹಬ್ಬಕ್ಕೆ ಮುಂಬಯಿಯಿಂದ ಬಸ್ಸು ಹತ್ತುತ್ತಾನೆ ಎಂದು ಹಿರಿಯರು ಹೇಳುವುದುಂಟು. ಇದರಲ್ಲಿ ಅತಿಶಯವಿದ್ದರೂ ಸುಳ್ಳಿಲ್ಲ.

ಕರಾವಳಿ ಮೂಲದ ಕುಟುಂಬಗಳಿಗೆ ಈ ದಿನದ ವಿಧಿ ಗೊತ್ತೇ ಇದೆ. ಮೈಸೂರು ಸೀಮೆಯ ನಮ್ಮ ಓದುಗರಿಗಾಗಿ ಎರಡು ಮಾತು. ಒಂಬತ್ತು ದಿನಗಳ ನವೇನ ನಡೆಯುತ್ತದೆ. ಮಕ್ಕಳು ಬುಟ್ಟಿಯಲ್ಲಿ ಹೂ ತಂದು ಪುಟ್ಟ ಮರಿಯಮ್ಮನವರ ಪ್ರತಿಮೆಯ ಮುಂದೆ ಎರಚುತ್ತಾರೆ. ಹತ್ತಿರದ ಗದ್ದೆಯಿಂದ ಹಸಿರು ಮಾಸದ ಭತ್ತದ ತೆನೆಗಳನ್ನು ಕೊಯ್ದು ಮೆರವಣಿಗೆಯಲ್ಲಿ ದೇವಾಲಯಕ್ಕೆ ತರುತ್ತಾರೆ. ಗುರುಗಳು ಅವುಗಳನ್ನು ಆಶೀರ್ವದಿಸುತ್ತಾರೆ. ಬಲಿಪೂಜೆಯ ನಂತರ ಮನೆಗೆ ಇಷ್ಟೆಂದು ತೆನೆ ಹಂಚುತ್ತಾರೆ. ಹೂ ತಂದ ಮಕ್ಕಳ ಕೈಗೆ ಕಬ್ಬು ಸಿಗುತ್ತದೆ. (ಆ ಕಬ್ಬಿಗಾಗಿ ಒಂಬತ್ತು ದಿನವೂ ತಪ್ಪದೆ ಹೂ ಹೊತ್ತ ಭಕ್ತರಲ್ಲಿ ಎಷ್ಟು ಮಂದಿ ಮುಂದೆ ಗುರುಗಳಾದರೋ ನಾವು ಲೆಕ್ಕ ಹಾಕುವುದಿಲ್ಲ.)

ಆ ತೆನೆ ಮನೆಯ ಪೀಠದ ಮೇಲೆ ಕೂರುತ್ತದೆ. ಕುಟುಂಬದ ಹಿರಿಯರು ಪ್ರಾರ್ಥನೆ ಮುಗಿಸಿ ಕೆಲವು ಕಾಳುಗಳನ್ನು ಸುಲಿದು, ಪುಡಿಮಾಡಿ, ಹಾಲಿಗೋ ಪಾಯಸಕ್ಕೋ ಬೆರೆಸಿ ಮನೆಯವರಿಗೆಲ್ಲ ಹಂಚುತ್ತಾರೆ. ಇದೇ 'ನೊವೆಂ', ಅಂದರೆ ಹೊಸತು. ಆಮೇಲೆ ಬಾಳೆಲೆಯ ಊಟ. ಕೆಸುವಿನ ದಂಟು, ಬೆಂಡೆ, ಹೀರೆ, ಅಲಸಂಡೆ, ಮೊಳಕೆ ಹೆಸರು, ಅಂಬಟೆ, ಕುಂಬಳ; ಪದಾರ್ಥಗಳ ಸಂಖ್ಯೆ ಐದೋ ಏಳೋ ಒಂಬತ್ತೋ, ಬೆಸವೇ ಆಗಬೇಕು. ಮೀನು ಮಾಂಸ ಇಲ್ಲ. ನಮ್ಮವರ ಹಬ್ಬವೊಂದು ಹಂದಿ ಮಾಂಸವಿಲ್ಲದೆ ನಡೆಯುತ್ತದೆಯೇ ಎಂದು ಬೇರೆಯವರು ತಮಾಷೆ ಮಾಡುತ್ತಾರೆ. ಹೌದು, ನಡೆಯುತ್ತದೆ. ಭೂಮಿ ಕೊಟ್ಟದ್ದನ್ನು ಮಾತ್ರ ಆ ದಿನ ಎಲೆಗೆ ಬಡಿಸುತ್ತೇವೆ.

ಮರಿಯಮ್ಮನವರ ಜನನಕ್ಕೂ ಭತ್ತದ ತೆನೆಗೂ ಏನು ನಂಟು? ಜನನೋತ್ಸವ ಹುಟ್ಟಿದ್ದು ಜೆರುಸಲೇಮಿನಲ್ಲಿ, ಮರಿಯಮ್ಮನವರು ಹುಟ್ಟಿದ ಮನೆಯೆಂದು ಪರಂಪರೆ ನಂಬಿದ ಜಾಗದ ದೇವಾಲಯದಲ್ಲಿ. ಏಳನೆಯ ಶತಮಾನದ ಕೊನೆಗೆ, ಸಿರಿಯಾ ಮೂಲದ ಜಗದ್ಗುರು ಒಂದನೆಯ ಸೆರ್ಜಿಯುಸ್ (687-701) ರೋಮಿನಲ್ಲಿ ಮರಿಯಮ್ಮನವರ ನಾಲ್ಕು ಹಬ್ಬಗಳಿಗೆ ಮೆರವಣಿಗೆ ಏರ್ಪಡಿಸಿದಾಗ ಅವುಗಳಲ್ಲಿ ಇದೂ ಸೇರಿತ್ತು. ಮುಂದೆ ಈ ಹಬ್ಬ ಹೋದ ಕಡೆಯಲ್ಲೆಲ್ಲ ಆ ಊರಿನ ಒಕ್ಕಲುತನವನ್ನು ಜೊತೆಗೂಡಿಸಿಕೊಂಡಿತು. ಫ್ರಾನ್ಸಿನ ದ್ರಾಕ್ಷಿ ಬೆಳೆಗಾರರಿಗೆ ಇದು ದ್ರಾಕ್ಷಿ ಸುಗ್ಗಿಯ ಮಾತೆಯ ಹಬ್ಬ. ನಮ್ಮ ಕರಾವಳಿಯಲ್ಲಿ ಮೇ-ಜೂನಿನಲ್ಲಿ ಬಿತ್ತಿದ ಏಣೆಲು ಬೆಳೆ ತೆನೆ ಕಟ್ಟುವ ಹೊತ್ತಿಗೆ ಸರಿಯಾಗಿ ಸೆಪ್ಟೆಂಬರ್ 8 ಬರುತ್ತದೆ. ನೆರೆಯ ಹಿಂದೂ ಮನೆಗಳಲ್ಲಿಯೂ ಕದಿರು ಕಟ್ಟುವ, ಹೊಸ ಅಕ್ಕಿ ಉಣ್ಣುವ ಪದ್ಧತಿ ಇದೆ. ತುಳುವರು ಪುದ್ವಾರ್ ಎನ್ನುತ್ತಾರೆ, ಕುಂದಾಪುರದ ಕಡೆ ಹೊಸ್ತು ಎನ್ನುತ್ತಾರೆ. ಕೊಡಗಿನಲ್ಲಿ ಪುತ್ತರಿ ಉಂಟು. ಒಂದೇ ಮಳೆಗೆ ನೆನೆದ ಜನ ಒಂದೇ ಬಗೆಯಲ್ಲಿ ದೇವರಿಗೆ ಕೈಮುಗಿದರೆ ನಮಗೆ ಅದು ಸಂತೋಷದ ವಿಷಯವೇ.

ಮೊಂತಿ ಎಂಬ ಹೆಸರು ಬಂದದ್ದು ಮಂಗಳೂರಿನ ಸಮೀಪ, ನೇತ್ರಾವತಿ ದಡದ ಫರಂಗಿಪೇಟೆಯಿಂದ. ಅಲ್ಲಿಯ ದೇವಾಲಯದ ಹೆಸರು ಮೊಂತೆ ಮರಿಯಾನೊ, ಅಂದರೆ ಮರಿಯಮ್ಮನವರ ಗುಡ್ಡ. ಪೋರ್ಚುಗೀಸರ ಭಾಷೆಯಲ್ಲಿ ಮೊಂತೆ ಎಂದರೆ ಗುಡ್ಡ. 1763ರಲ್ಲಿ ಗೋವೆಯ ಗುರು ಫಾದರ್ ಜೋಕಿಂ ಮಿರಾಂಡರವರು ಅಲ್ಲಿ ಈ ಹಬ್ಬವನ್ನು ಆರಂಭಿಸಿದರೆಂಬುದು ಪರಂಪರೆ. ಇಂದು ಅಲ್ಲಿ ಕಪುಚಿನ್ ಸನ್ಯಾಸಿಗಳ ಆಶ್ರಮವಿದೆ.

ಇಷ್ಟು ಹೇಳಿ ನಿಲ್ಲಿಸಿದರೆ ಇದೊಂದು ಸುಗ್ಗಿ ಹಬ್ಬ, ರಜೆಗೆ ಬಂದವರ ಊಟ. ಆದರೆ ಪವಿತ್ರ ಬೈಬಲಿನಲ್ಲಿ ಪ್ರಥಮ ಫಲದ ಕಾಣಿಕೆಯ ಕ್ರಮವನ್ನು ಓದಿದವರಿಗೆ ಅಲ್ಲಿ ಇನ್ನೊಂದು ವಿಷಯ ಕಾಣಿಸುತ್ತದೆ. ಯಾಜಕಕಾಂಡದ 23ನೇ ಅಧ್ಯಾಯದಲ್ಲಿ ಮೊದಲ ಸಿವುಡನ್ನು ದೇವರಿಗೆ ಅರ್ಪಿಸುವ ತನಕ ಹೊಸ ಬೆಳೆಯ ರೊಟ್ಟಿಯನ್ನಾಗಲಿ ಹುರಿದ ಕಾಳನ್ನಾಗಲಿ ತಿನ್ನಬಾರದೆಂಬ ನಿಯಮವಿದೆ. ನಮ್ಮ ಅಜ್ಜಿಯಂದಿರು ಯಾಜಕಕಾಂಡ ಓದಿರಲಿಲ್ಲ. ಆದರೂ ನೊವೆಂ ಆಗದೆ ಹೊಸ ಅಕ್ಕಿಯ ಅನ್ನ ಮಾಡುತ್ತಿರಲಿಲ್ಲ. ಧರ್ಮೋಪದೇಶಕಾಂಡದ 26ನೇ ಅಧ್ಯಾಯ ಇನ್ನೂ ಮುಂದೆ ಹೋಗುತ್ತದೆ. ರೈತ ಬುಟ್ಟಿಯಲ್ಲಿ ಪ್ರಥಮ ಫಲ ತಂದು ಯಾಜಕನ ಕೈಗೆ ಕೊಡುತ್ತಾನೆ. ಆಗ ಅವನು ಏನು ಹೇಳಬೇಕು? ದೇವರೇ ಮಳೆ ಕೊಟ್ಟಿರಿ, ಬೆಳೆ ಕೊಟ್ಟಿರಿ, ವಂದನೆ ಎಂದು ಹೇಳಿದರೆ ಸಾಲದೇ? ಸಾಲದು. ಅವನು ತನ್ನ ಮನೆತನದ ಕತೆ ಹೇಳಬೇಕು. ತನ್ನ ಮೂಲಪುರುಷ ನೆಲೆಯಿಲ್ಲದೆ ಅಲೆದವನು, ಕೆಲವೇ ಜನರೊಡನೆ ಈಜಿಪ್ಟಿಗೆ ಹೋದವನು, ಅಲ್ಲಿ ಸಂತತಿ ಬೆಳೆಯಿತು, ಅಲ್ಲಿಯವರು ಜೀತಕ್ಕೆ ಹಚ್ಚಿದರು, ಕೂಗಿಕೊಂಡಾಗ ಸರ್ವೇಶ್ವರ ಕೇಳಿದರು, ಹೊರತಂದರು, ಈ ನಾಡನ್ನು ಕೊಟ್ಟರು, ಅದಕ್ಕೇ ಈ ಬುಟ್ಟಿ ತಂದಿದ್ದೇನೆ, ಎಂದು. ಅನಂತರ ಮನೆಯವರು ಮಾತ್ರ ಉಣ್ಣುವಂತಿಲ್ಲ. ಸ್ವಂತ ಭೂಮಿಯಿಲ್ಲದ ಲೇವಿಯನೂ ಊರಿಗೆ ಬಂದ ಪರದೇಶಿಯೂ ಜೊತೆಗೆ ಕೂರಬೇಕು.

ಪ್ರಿಯರೇ, ಇದು ಕೃತಜ್ಞತೆಯ ಬಗ್ಗೆ ನಾವು ಸಾಮಾನ್ಯವಾಗಿ ಯೋಚಿಸುವ ರೀತಿಯಲ್ಲ. ಒಳ್ಳೆಯ ಕೆಲಸ ಸಿಕ್ಕಿತು, ಮನೆ ಕಟ್ಟಿದೆವು, ಮಗಳಿಗೆ ವರ ಬಂದ ಎಂದು ಪಟ್ಟಿ ಮಾಡಿ ದೇವರಿಗೆ ವಂದನೆ ಹೇಳುತ್ತೇವೆ. ಪಟ್ಟಿಯಲ್ಲಿ ಕಹಿ ಇರುವುದಿಲ್ಲ. ಇಸ್ರಯೇಲಿನ ರೈತನಾದರೋ ಜೀತವನ್ನೂ ಅಲೆದಾಟವನ್ನೂ ಬುಟ್ಟಿಯೊಳಗೇ ಇಟ್ಟು ತರುತ್ತಾನೆ.

ತೆನೆ ಹಬ್ಬದ ಜನರಿಗೂ ಇಂಥದೊಂದು ಕತೆ ಉಂಟು. ಕರಾವಳಿಯ ಕೊಂಕಣಿ ಕ್ರೈಸ್ತರಲ್ಲಿ ಬಹುಪಾಲು ಗೋವೆಯಿಂದ ಬಂದವರು. ಹದಿನಾರನೆಯ ಶತಮಾನದ ಮಧ್ಯದಿಂದ ಹದಿನೆಂಟರ ಮಧ್ಯದವರೆಗೆ ಅಲೆ ಅಲೆಯಾಗಿ ದಕ್ಷಿಣಕ್ಕೆ ಇಳಿದರು. 1560ರಲ್ಲಿ ಗೋವೆಯಲ್ಲಿ ಆರಂಭವಾದ ಧರ್ಮವಿಚಾರಣೆಯ ಕಾಟ, ಬರ, ರೋಗ, ತೆರಿಗೆ, 1683ರ ಮತ್ತು 1737-40ರ ಮರಾಠಾ ದಾಳಿಗಳು, ಹೀಗೆ ಕಾರಣಗಳು ಹಲವು. ಬಂದವರಿಗೆ ನೆಲ ಕೊಟ್ಟವರು ಯಾರು? ಕೆಳದಿ-ಬಿದನೂರಿನ ನಾಯಕರು, ಲಿಂಗಾಯತ ಅರಸರು. ಒಕ್ಕಲುತನ ಬಲ್ಲ ಜನ ಎಂದು ಅವರು ಇವರಿಗೆ ಭೂಮಿ ಕೊಟ್ಟು ನೆಲೆನಿಲ್ಲಿಸಿದರು. ನಮ್ಮ ಮೊದಲ ತೆನೆಯ ಕತೆಯಲ್ಲಿ ಕ್ರೈಸ್ತನಲ್ಲದ ಒಬ್ಬ ಅರಸನ ಉಪಕಾರ ಇದೆ ಎಂಬುದನ್ನು ಮಕ್ಕಳಿಗೆ ಹೇಳುವ ಮನೆಗಳು ಎಷ್ಟಿವೆ?

ನಂತರ ಬಂದದ್ದು 1784. ಎರಡನೆಯ ಮೈಸೂರು ಯುದ್ಧ ಮುಗಿಯುತ್ತಿತ್ತು. ಕೆನರಾದ ಕ್ರೈಸ್ತರು ಇಂಗ್ಲಿಷರಿಗೆ ನೆರವಾದರೆಂಬ ಆರೋಪದ ಮೇಲೆ ಟಿಪ್ಪು ಸುಲ್ತಾನರ ಆಜ್ಞೆಯಂತೆ ಅವರನ್ನು ಸೆರೆಹಿಡಿದು ಘಟ್ಟ ಹತ್ತಿಸಿ ಶ್ರೀರಂಗಪಟ್ಟಣಕ್ಕೆ ನಡೆಸಲಾಯಿತು. ವಿಭೂತಿ ಬುಧವಾರದ ಹೊತ್ತಿಗೆ ಹಿಡಿದರೆಂದು ಪರಂಪರೆ ಹೇಳುತ್ತದೆ. ಒಯ್ದವರ ಸಂಖ್ಯೆಯನ್ನು ಒಬ್ಬರು 30,000 ಎಂದರೆ ಇನ್ನೊಬ್ಬರು 80,000 ಎನ್ನುತ್ತಾರೆ. ಗುರುಗಳನ್ನು ಗೋವೆಗೆ ಗಡೀಪಾರು ಮಾಡಲಾಯಿತು, ಚರ್ಚುಗಳು ನೆಲಸಮವಾದವು. ಫರಂಗಿಪೇಟೆಯ ದೇವಾಲಯ ಮಾತ್ರ, ಹೈದರಾಲಿಗೆ ಮಿರಾಂಡ ಗುರುಗಳ ಮೇಲಿದ್ದ ಗೆಳೆತನದ ನೆನಪಿಗಾಗಿ ಉಳಿಯಿತೆಂದು ಹೇಳುತ್ತಾರೆ. ಮೂಡಬಿದಿರೆಯ ಬಳಿಯ ಹೊಸ್ಪೆಟ್ ಪವಿತ್ರ ಶಿಲುಬೆಯ ದೇವಾಲಯ ಚೌಟ ಅರಸರ ಮಧ್ಯಸ್ಥಿಕೆಯಿಂದ ಉಳಿಯಿತೆಂಬ ಮಾತೂ ಇದೆ. ಆ ಅರಸರು ಜೈನರು. ಇದನ್ನೂ ಬುಟ್ಟಿಗೆ ಹಾಕಿಕೊಳ್ಳೋಣ.

1784ರಿಂದ 1798ರ ತನಕ ಹದಿನೈದು ಸೆಪ್ಟೆಂಬರ್‌ಗಳು ಬಂದು ಹೋದವು. ಆ ಹದಿನೈದು ವರ್ಷ ಆ ಮನೆಗಳ ಪೀಠದ ಮೇಲೆ ತೆನೆ ಇರಲಿಲ್ಲ. ಮನೆಯೇ ಇರಲಿಲ್ಲ, ಗದ್ದೆಯನ್ನು ಬೇರೆಯವರು ಉಳುತ್ತಿದ್ದರು. 1799ರ ಮೇ 4ರಂದು ಶ್ರೀರಂಗಪಟ್ಟಣದ ಕೋಟೆ ಬಿತ್ತು; ಬದುಕುಳಿದವರು ಬಿಡುಗಡೆಯಾದರು. ಮುಂದೆ 1801ರಲ್ಲಿ ಕೆನರಾದಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ ಹಿಂದಿರುಗಿದವರು ಸುಮಾರು 15,000 ಎಂದು ಬರೆದಿದ್ದಾನೆ. ಕೋಟೆ ಬಿದ್ದದ್ದು ಮೇ ಮೊದಲ ವಾರದಲ್ಲಿ, ಕರಾವಳಿಗೆ ಮಳೆ ಹಿಡಿಯುವುದು ಜೂನ್ ಮೊದಲ ವಾರದಲ್ಲಿ. ಮಕ್ಕಳನ್ನು ಎತ್ತಿಕೊಂಡು ಘಟ್ಟ ಇಳಿದು ಬಂದವರಲ್ಲಿ ಎಷ್ಟು ಮಂದಿಗೆ ಆ ವರ್ಷ ನೇಜಿ ನೆಡಲು ಸಾಧ್ಯವಾಗಿರಬಹುದು? ಬೀಜ ಯಾರು ಕೊಟ್ಟಿರಬಹುದು? ಆ ವರ್ಷದ ಸೆಪ್ಟೆಂಬರ್ 8ರಂದು ಅವರು ಯಾವ ಗದ್ದೆಯ ತೆನೆಯನ್ನು ಕೈಯಲ್ಲಿ ಹಿಡಿದಿರಬಹುದು? ಹಬ್ಬದ ಬೆಳಿಗ್ಗೆ ತೆನೆಗಳ ಮೇಲೆ ತೀರ್ಥ ಪ್ರೋಕ್ಷಿಸುವಾಗ ಈ ಪ್ರಶ್ನೆಗಳು ನಮ್ಮನ್ನು ಬಿಡುವುದಿಲ್ಲ.

ಎಲ್ಲರೂ ಕರಾವಳಿಗೆ ಮರಳಲಿಲ್ಲ. ಕೆಲವರು ಸೆರೆಯ ಕಾಲದಲ್ಲೇ ತಪ್ಪಿಸಿಕೊಂಡು ಕೊಡಗು ಸೇರಿದ್ದರು. ದೊಡ್ಡವೀರರಾಜೇಂದ್ರ ಅವರಿಗೆ ಆಶ್ರಯ ಕೊಟ್ಟ. ವಿರಾಜಪೇಟೆಯ ಸಂತ ಅನ್ನಮ್ಮನವರ ದೇವಾಲಯ 1792ರಲ್ಲಿ ಹುಟ್ಟಿದ್ದು ಹೀಗೆ. ಮರಿಯಮ್ಮನವರ ತಾಯಿಯ ಹೆಸರನ್ನು ಹೊತ್ತ ದೇವಾಲಯ, ಓಡಿಬಂದವರಿಗೆ ಒಬ್ಬ ಕೊಡವ ನಾಡಿನ ಅರಸ ಕೊಟ್ಟ ನೆಲದ ಮೇಲೆ!

ಸೆರೆಯ ಕತೆಯನ್ನು ಹೇಳುವಾಗ ನಮ್ಮ ಕೆಲವು ಮನೆಗಳಲ್ಲಿ ಧ್ವನಿ ಬದಲಾಗುತ್ತದೆ ಎಂಬುದನ್ನು ನಾವು ಬಲ್ಲೆವು. ಇತ್ತೀಚಿನ ವರ್ಷಗಳಲ್ಲಿ ಆ ಹೆಸರುಗಳನ್ನು ಬೀದಿಯ ಜಗಳಕ್ಕೆ ಎಳೆಯುವವರೂ ಇದ್ದಾರೆ. ಇತಿಹಾಸವನ್ನು ಮುಚ್ಚಿಡಬೇಕಾಗಿಲ್ಲ; ನಡೆದದ್ದು ನಡೆದಿದೆ, ಸತ್ತವರು ಸತ್ತಿದ್ದಾರೆ. ಆದರೆ ಧರ್ಮೋಪದೇಶಕಾಂಡದ 26ನೇ ಅಧ್ಯಾಯದಲ್ಲಿ ಈಜಿಪ್ಟಿನ ಜೀತವನ್ನು ಹೇಳಿಸಿದ ಗ್ರಂಥವೇ ಮೂರು ಅಧ್ಯಾಯಗಳ ಹಿಂದೆ, 23ರಲ್ಲಿ, ಈಜಿಪ್ಟಿನವನನ್ನು ಹೇಸಬೇಡಿ, ನೀವು ಅವನ ನಾಡಿನಲ್ಲಿ ಪರದೇಶಿಗಳಾಗಿ ಇದ್ದವರು ಎಂಬರ್ಥದ ಆಜ್ಞೆ ಕೊಟ್ಟಿದೆ. ಜೀತ ಮಾಡಿಸಿದವರನ್ನು! ಬರಗಾಲದಲ್ಲಿ ಯಕೋಬನ ಮಕ್ಕಳಿಗೆ ಧಾನ್ಯ ಸಿಕ್ಕಿದ್ದೂ ಅದೇ ಈಜಿಪ್ಟಿನಲ್ಲಿ ಎಂಬುದನ್ನು ಮರೆಯಬೇಡಿ ಎಂದಂತೆ. ನಮ್ಮ ಜನರಿಗೆ ಶ್ರೀರಂಗಪಟ್ಟಣವನ್ನು ನೆನೆಯಲು ಇದಕ್ಕಿಂತ ಒಳ್ಳೆಯ ಪಾಠ ಬೇಕೇ? ಸಿಟ್ಟಿನಿಂದ ಹೇಳಿದ ಕತೆ ನೊವೆಂ ಹಾಲಿನಲ್ಲಿ ಕರಗುವುದಿಲ್ಲ.

ಮರಳಿ ಬಂದವರ ಮುಂದಿನ ಕಾಲವೂ ಸುಲಭದ್ದಾಗಿರಲಿಲ್ಲ. ಬಹಳಷ್ಟು ಕುಟುಂಬಗಳು ಗೇಣಿದಾರರಾಗಿ ಬದುಕಿದವು. ಗದ್ದೆ ಧಣಿಗಳದ್ದು, ದುಡಿಮೆ ತಮ್ಮದು. ಗೇಣಿ ಅಳೆದು ಕೊಟ್ಟ ಮೇಲೆ ಉಳಿದದ್ದರಲ್ಲಿ ಮಳೆಗಾಲ ದೂಡಬೇಕು. ಇದು ಬದಲಾದದ್ದು ದೇವರಾಜ ಅರಸರ ಕಾಲದ ಭೂಸುಧಾರಣಾ ತಿದ್ದುಪಡಿಯಿಂದ. 1974ರ ಮಾರ್ಚ್ 1ರಂದು ಗೇಣಿ ಭೂಮಿಗಳೆಲ್ಲ ಸರ್ಕಾರದ ವಶವಾದವು. ನಮೂನೆ 7ರಲ್ಲಿ ಅರ್ಜಿ ಸಲ್ಲಿಸಿದ ಗೇಣಿದಾರನಿಗೆ ಭೂನ್ಯಾಯ ಮಂಡಳಿ ಹಕ್ಕು ಕೊಡಬೇಕಿತ್ತು. ಕರಾವಳಿಯಲ್ಲಿ ಇದಕ್ಕೆ ಇಂದಿಗೂ 'ಡಿಕ್ಲರೇಶನ್' ಎಂದೇ ಹೆಸರು. 'ನಮ್ಮದು ಡಿಕ್ಲರೇಶನ್‌ನಲ್ಲಿ ಬಂದ ಜಾಗ' ಎನ್ನುವ ಹಿರಿಯರ ಮುಖ ನೋಡಬೇಕು. ಭೂಮಿ ಕಳೆದುಕೊಂಡ ಧಣಿಗಳಲ್ಲಿ ನಮ್ಮವರೂ ಇದ್ದರು. ಅವರ ನೋವು ಬೇರೆ. ಆದರೆ ಅನೇಕ ಕುಟುಂಬಗಳಿಗೆ ಪೀಠದ ಮೇಲಿನ ತೆನೆ ತನ್ನ ಗದ್ದೆಯದೇ ಎಂದು ಕಾಗದ ಸಮೇತ ಹೇಳಲು ಸಾಧ್ಯವಾದದ್ದು ಆ ನಂತರವೇ.

ಭೂಮಿ ಸ್ವಂತದ್ದಾದ ಮೇಲೆ ಪಾಲಿನ ಪ್ರಶ್ನೆ ಬಂತು. ಇದನ್ನು ಬರೆಯಲು ನಮಗೆ ಸಂತೋಷವಿಲ್ಲ. ಧರ್ಮಕೇಂದ್ರದ ಗುರುಗಳಾಗಿ ನಾವು ಕಂಡದ್ದು ಇದು: ತಂದೆ ಡಿಕ್ಲರೇಶನ್‌ನಲ್ಲಿ ಪಡೆದ ಎರಡು ಎಕರೆಗಾಗಿ ಅಣ್ಣ ತಮ್ಮಂದಿರು ಕೋರ್ಟು ಹತ್ತುತ್ತಾರೆ. ಹಬ್ಬದ ದಿನ ಇಬ್ಬರೂ ದೇವಾಲಯಕ್ಕೆ ಬರುತ್ತಾರೆ, ಒಂದೇ ಸಿವುಡಿನಿಂದ ತೆನೆ ಪಡೆಯುತ್ತಾರೆ, ಎರಡು ಮನೆಗಳಲ್ಲಿ ಎರಡು ನೊವೆಂ ಆಗುತ್ತದೆ. ಅಮ್ಮ ಎಲ್ಲಿ ಉಣ್ಣಬೇಕೆಂದು ತಿಳಿಯದೆ ತಲೆನೋವೆಂದು ಮಲಗುತ್ತಾಳೆ. ಅಂತಹ ಮನೆಯ ನೊವೆಂ ಪೂರ್ತಿಯಾಯಿತೆಂದು ಹೇಳಲು ನಮಗೆ ಬಾಯಿ ಬರುವುದಿಲ್ಲ. ಈಜಿಪ್ಟಿನವನನ್ನು ಹೇಸಬೇಡಿ ಎಂದು ಮೇಲೆ ಹೇಳಿದೆವಲ್ಲ, ಆ ವಚನದ ಮೊದಲರ್ಧ ಏದೋಮ್ಯನನ್ನು ಕುರಿತದ್ದು. ಅವನನ್ನೂ ಹೇಸಬಾರದು, ಕಾರಣ, ಅವನು ಸಹೋದರ. ಏದೋಮ್ಯರು ಏಸಾವನ ಸಂತತಿ, ಇಸ್ರಯೇಲರು ಯಕೋಬನ ಸಂತತಿ. ಆ ಇಬ್ಬರು ಅಣ್ಣತಮ್ಮಂದಿರ ಜಗಳವೂ ಆಸ್ತಿಯ ಹಕ್ಕಿನದೇ, ಊಟದ ತಟ್ಟೆಯ ಮುಂದೆ ಆರಂಭವಾದದ್ದೇ.

ಈಗ ಗದ್ದೆಗಳೂ ಕಡಿಮೆಯಾಗಿವೆ. ಕೆಲವು ಅಡಿಕೆ ತೋಟವಾದವು, ಕೆಲವು ಸೈಟುಗಳಾದವು, ಕೆಲವು ಆಳು ಸಿಗದೆ ಹಡಿಲು ಬಿದ್ದಿವೆ. ಹಬ್ಬ ಹತ್ತಿರ ಬಂದಾಗ ಎಲ್ಲಿ ತೆನೆ ಕಟ್ಟಿದೆ ಎಂದು ಊರೂರು ಕೇಳಿಕೊಂಡು ಹೋಗಬೇಕಾದ ಧರ್ಮಕೇಂದ್ರಗಳಿವೆ. ಘಟ್ಟದ ಮೇಲಿನ ನಮ್ಮ ಕಾಫಿ ಸೀಮೆಯ, ಪಟ್ಟಣಗಳ ದೇವಾಲಯಗಳಿಗೆ ತೆನೆ ವಾಹನದಲ್ಲಿ ಬರುತ್ತದೆ. ಇದರಿಂದ ಹಬ್ಬ ಪೊಳ್ಳಾಯಿತೆಂದು ಮರುಗುವವರ ಗುಂಪಿಗೆ ನಾವು ಸೇರುವುದಿಲ್ಲ. ಕೊಂಡು ತಂದ ತೆನೆಯನ್ನೂ ಯಾರೋ ಕೆಸರಿನಲ್ಲಿ ನಿಂತು ನೆಟ್ಟಿದ್ದಾರೆ. ಇಂದು ಕರಾವಳಿಯ ಎಷ್ಟೋ ಗದ್ದೆಗಳಲ್ಲಿ ದುಡಿಯುವವರು ದೂರದ ಜಿಲ್ಲೆಗಳಿಂದ, ಹೊರರಾಜ್ಯಗಳಿಂದ ಬಂದವರು. ಗೋವೆಯಿಂದ ಇಳಿದು ಬಂದ ನಮ್ಮ ಮೂಲಪುರುಷನೂ ಒಂದು ದಿನ ಹಾಗೆಯೇ ಪರ ಊರಿನ ಗದ್ದೆಯಲ್ಲಿ ನಿಂತಿದ್ದನಲ್ಲವೇ? ಬೈಬಲು ಊಟಕ್ಕೆ ಕರೆಯಲು ಹೇಳಿದ ಪರದೇಶಿ ಯಾರೆಂದು ಹುಡುಕಬೇಕಾಗಿಲ್ಲ.

ಒಂದು ಸಣ್ಣ ಕೋರಿಕೆ. ಈ ಸಲ ಹಬ್ಬದ ದಿನ ನೊವೆಂ ಹಂಚುವ ಮೊದಲು ಟಿ.ವಿ. ಆರಿಸಿ, ಮೊಬೈಲುಗಳನ್ನು ಒಂದು ಬದಿಗಿಟ್ಟು, ಮನೆಯ ಹಿರಿಯರಿಗೆ ಐದು ನಿಮಿಷ ಕೊಡಿ. ನಾವು ಎಲ್ಲಿಂದ ಬಂದೆವು, ಈ ಜಾಗ ಹೇಗೆ ಸಿಕ್ಕಿತು, ಕಷ್ಟದ ವರ್ಷದಲ್ಲಿ ಅಕ್ಕಿ ಸಾಲ ಕೊಟ್ಟ ನೆರೆಮನೆಯವರು ಯಾರು, ಅಜ್ಜ ಯಾರೊಡನೆ ಜಗಳವಾಡಿದ್ದರು ಮತ್ತು ಹೇಗೆ ರಾಜಿಯಾದರು, ಅವರೇ ಹೇಳಲಿ. ಮಕ್ಕಳು ಮೊದಲ ವರ್ಷ ಆಕಳಿಸಬಹುದು. ಇಸ್ರಯೇಲಿನ ಮಕ್ಕಳೂ ಆಕಳಿಸಿರಬಹುದು. ಆದರೂ ಅಪ್ಪಂದಿರು ಪ್ರತಿ ವರ್ಷ ಅದೇ ಕತೆಯನ್ನು ಹೇಳಿದರು. ಮಾತು ಬಾರದ ಹಿರಿಯರಿದ್ದರೆ ಹೆಸರುಗಳನ್ನಷ್ಟೇ ಹೇಳಲಿ.

ಬಾರದವರ ಪಾಲಿನ ವಿಷಯ ಒಂದು ಉಳಿಯಿತು. ತೆನೆಯ ಕಾಳುಗಳನ್ನು ಎಣಿಸಿ ಸುಲಿಯುವಾಗ ಹಿಂದೆ ತಾಯಂದಿರು ಕೆಲವನ್ನು ಸುಲಿಯದೆ ಬದಿಗಿಡುತ್ತಿದ್ದರು. ಮುಂಬಯಿಯಲ್ಲಿ ಹೋಟೆಲ್ ಕೆಲಸದಲ್ಲಿದ್ದ ಮಗನಿಗೆ, ಮಠದಲ್ಲಿದ್ದ ಧರ್ಮಭಗಿನಿ ಮಗಳಿಗೆ, 1970ರ ದಶಕದಿಂದ ಮುಂದೆ ಗಲ್ಫಿಗೆ ಹೋದವರಿಗೆ ಅವು ಕಾಗದದ ಮಡಿಕೆಯೊಳಗೆ ಅಂಚೆಯಲ್ಲಿ ಹೋಗುತ್ತಿದ್ದವು. ತಲುಪುವಾಗ ಹಬ್ಬ ಕಳೆದು ಎರಡು ಮೂರು ವಾರ ಆಗಿರುತ್ತಿತ್ತು. ಈಗ ತೆನೆಯ ಫೋಟೋ ಅದೇ ಕ್ಷಣ ತಲುಪುತ್ತದೆ. ಕಾಳು ಕಳುಹಿಸುವವರು ಇನ್ನೂ ಕಳುಹಿಸುತ್ತಾರೆ. ಗಲ್ಫಿನಲ್ಲಿ ಒಂದೇ ಕೋಣೆಯಲ್ಲಿ ಏಳು ಮಂದಿ ಇದ್ದ ಕಾಲವನ್ನು ನಮ್ಮ ಧರ್ಮಕೇಂದ್ರದ ಹಿರಿಯರೊಬ್ಬರು ಹೇಳಿದ್ದುಂಟು. ಮಲಯಾಳಿಗಳು, ತಮಿಳರು, ಒಬ್ಬ ಆಂಧ್ರದವನು, ಇಬ್ಬರು ಮುಸಲ್ಮಾನರು. ಅಮ್ಮನ ಕಾಗದದಲ್ಲಿ ನಾಲ್ಕು ಕಾಳು ಇದ್ದವು. ಡಬ್ಬದ ಹಾಲುಪುಡಿಯನ್ನು ನೀರಿನಲ್ಲಿ ಕದಡಿ, ಚಮಚದ ಬೆನ್ನಿನಿಂದ ಕಾಳು ಅರೆದು, ಏಳು ಲೋಟಗಳಿಗೆ ಸಮನಾಗಿ ಹೊಯ್ದರಂತೆ.